ಬೀಗ ಬಿದ್ದ ಮೇಲೆ ನಂಬರು

ಗ್ಯಾಸು ಆರಿಸಿದ್ದೆನೇ ಇಲ್ಲವೇ ಎಂದು ನೋಡಲು ದಾಕ್ಷಾಯಿಣಿ ಕಮ್ಮಾರ ಅಂದು ಬೆಳಿಗ್ಗೆ ಬೀದಿಯ ತುದಿಯಿಂದ ಮೂರನೆಯ ಸಲ ಮನೆಗೆ ವಾಪಸು ಬಂದಳು. ಹಿಂದಿನ ಎರಡು ಸಲವೂ ಆರಿತ್ತು. ಈಗಲೂ ಆರಿತ್ತು. ಬರ್ನರಿನ ಮೇಲೆ ಅಂಗೈ ಹಿಡಿದು ನೋಡಿದಳು, ತಣ್ಣಗಿತ್ತು. ಆದರೂ ಹಾಲಿನ ಅಂಗಡಿ ದಾಟುವಷ್ಟರಲ್ಲಿ ಎದೆ ಮತ್ತೆ ಡವಗುಟ್ಟುತ್ತದೆಂದು ಅವಳಿಗೆ ಗೊತ್ತಿತ್ತು.

ಮನೆಯ ಮುಂದಿನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅತ್ತೆ ನೀಲವ್ವ ತಲೆ ಎತ್ತಲಿಲ್ಲ. "ನಾ ಇಲ್ಲೇ ಕುಂತೇನಲ್ಲವಾ. ಮನಿ ಸುಡಾಕತ್ತಿದ್ರ ಸುಮ್ನ ಶೇಂಗಾ ಸುಲೀತಿದ್ನೇನ?"

"ಗೊತ್ತೈತ್ರಿ ಅತ್ತಿ."

"ಗೊತ್ತಿದ್ರ ಯಾಕ ಬಂದಿ?"

ದಾಕ್ಷಾಯಿಣಿ ಬಲಗಿವಿಯ ಹಿಂದೆ ಕೈ ಇಟ್ಟು, ಅಲ್ಲಿ ಅಂಟಿಕೊಂಡಿದ್ದ ಹುಣಸೆ ಬೀಜದಷ್ಟು ದೊಡ್ಡ ಯಂತ್ರವನ್ನು ಒತ್ತಿ ನೋಡಿದಳು. ಅದು ಸುಮ್ಮನಿತ್ತು. ಅವಳ ದುಃಖವೆಲ್ಲ ಅದೇ, ಅದು ಸುಮ್ಮನಿತ್ತು.

ಯಂತ್ರದ ಹೆಸರು ಸಾಕ್ಷಿ. ತಲೆಗೆ ಪೆಟ್ಟು ಬಿದ್ದವರಿಗಾಗಿ ಧಾರವಾಡದ ಒಂದು ಪುನಶ್ಚೇತನ ಕೇಂದ್ರದವರು ಮಾಡಿದ್ದು. ನಾವು ಒಂದು ಕೆಲಸ ಮುಗಿಸಿದಾಗ ಮಿದುಳಿನ ಒಳಮಡಿಕೆಯಲ್ಲಿ, ಹೆಚ್ಚುಕಡಿಮೆ ಕಿವಿಯ ಮಟ್ಟದಲ್ಲಿ, ಒಂದು ಸಣ್ಣ ಅಲೆ ಏಳುತ್ತದೆ. ಎದ್ದರೆ ಆ ಕೆಲಸ ನೆನಪಾಗಿ ಉಳಿಯುತ್ತದೆ. ಏಳದಿದ್ದರೆ ಮಾಡಿದ್ದೂ ಮಾಡದ್ದೂ ಒಂದೇ. ಸಾಕ್ಷಿ ಆ ಅಲೆಯನ್ನು ಕಾಯುತ್ತದೆ. ಎದ್ದ ಕೂಡಲೇ ಕಿವಿಯ ಹಿಂದಿನ ಎಲುಬಿಗೆ ಮೆಲ್ಲಗೆ ಟಕ್ ಎಂದು ಬಡಿಯುತ್ತದೆ. ನೆನಪು ಬಿತ್ತು, ಇನ್ನು ಚಿಂತೆ ಬೇಡ ಎಂದು ಅರ್ಥ. ಬಡಿಯದಿದ್ದರೆ ಇನ್ನೊಮ್ಮೆ ಮಾಡಬೇಕು. ಮೂರು ತಿಂಗಳಲ್ಲಿ ಮಿದುಳು ತಾನೇ ಪಳಗಿ ಯಂತ್ರದ ಹಂಗು ಬಿಡುತ್ತದೆಂದು ಕೇಂದ್ರದವರ ಲೆಕ್ಕಾಚಾರ.

ಮೊದಲ ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಎರಡನೆಯ ತಿಂಗಳು ಟಕ್ ಕಡಿಮೆಯಾಯಿತು. ಮೂರನೆಯ ತಿಂಗಳು ಅದು ಅಪರೂಪದ ನೆಂಟನಾಗಿಬಿಟ್ಟಿತ್ತು.

ದಾಕ್ಷಾಯಿಣಿ ಕಣವಿಹಾಳ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಸ್ಟೇಷನ್ ಮಾಸ್ತರು. ಎರಡು ಪ್ಲಾಟ್‌ಫಾರಮ್ಮು, ಒಂದು ಬೇವಿನ ಮರ, ಎರಡು ಕಿಲೋಮೀಟರ್ ಆಚೆ ಕೈಯಿಂದ ಹಾಕಿ ತೆಗೆಯುವ ಒಂದು ಗೇಟು. ದೇಶದಲ್ಲಿ ಚಾಲಕನಿಲ್ಲದ ರೈಲುಗಳು ಓಡತೊಡಗಿದ್ದರೂ ಆ ಗೇಟಿಗೆ ಮೇಲ್ಸೇತುವೆ ಬರುವುದು ಪ್ರತಿ ವರ್ಷ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಏಳು ವರ್ಷ ಅವಳು ಅಲ್ಲಿ ರೈಲು ಬಿಟ್ಟಿದ್ದಳು. ಆ ಕುರ್ಚಿಯಲ್ಲಿ ಕೂತಾಗ ಅವಳಿಗೆ ಸಿಗುತ್ತಿದ್ದ ನೆಮ್ಮದಿ ಬೇರೆಲ್ಲೂ ಸಿಕ್ಕಿದ್ದಿಲ್ಲ. ಈಗ ಮುಂದಿನ ತಿಂಗಳ ಹದಿನಾಲ್ಕಕ್ಕೆ ಮೆಡಿಕಲ್ ಬೋರ್ಡು. ಸಾಕ್ಷಿಯ ದಾಖಲೆಯಲ್ಲಿ ನೂರಕ್ಕೆ ಎಂಬತ್ತು ಇದ್ದರೆ ಕುರ್ಚಿ ವಾಪಸು. ಇಲ್ಲದಿದ್ದರೆ ಹಳೆಯ ಕಡತಗಳ ಕೋಣೆ, ನಿವೃತ್ತಿಯವರೆಗೆ.

*

"ಇಪ್ಪತ್ತರಾಗ ಒಂಬತ್ತು," ಎಂದರು ಡಾಕ್ಟರ್ ರಜಿಯಾ ಕಿತ್ತೂರ.

ಧಾರವಾಡದ ಕೇಂದ್ರದ ಪರೀಕ್ಷೆಯ ಕೋಣೆ ಒಂದು ಮನೆಯಂತೆಯೇ ಇತ್ತು. ಕಪಾಟಿಗೆ ಬೀಗ ಹಾಕುವುದು, ನಲ್ಲಿ ನಿಲ್ಲಿಸುವುದು, ಚಮಚ ಲೋಟದೊಳಗೆ ಇಡುವುದು, ಇಂಥ ಇಪ್ಪತ್ತು ಕೆಲಸ. ಗಾಜಿನ ಆಚೆ ಪರದೆಯ ಮೇಲೆ ದಾಕ್ಷಾಯಿಣಿಯ ಮಿದುಳಿನ ಅಲೆಗಳು ಹರಿಯುತ್ತಿದ್ದವು.

"ಮೊದಲ ಹದಿನೇಳು ಇತ್ತಲ್ರಿ."

"ಇತ್ತು. ಗಾಯ ಪೂರಾ ಮಾಯ್ದೈತಿ. ಸ್ಕ್ಯಾನ್ ನೋಡ್ರಿ, ನನ್ನ ತಲಿಗಿಂತ ಸ್ವಚ್ಛ ಐತಿ." ರಜಿಯಾ ನಗಿಸಲು ನೋಡಿದರು. ದಾಕ್ಷಾಯಿಣಿ ನಗಲಿಲ್ಲ. "ಯಾಕ ಇಳಿಯಾಕತ್ತೈತಿ ನನಗೂ ತಿಳಿವಲ್ದು. ಹಿಂದ ಮುಂದ ಆಗೋದು ಸಹಜ. ಗಾಬರಿ ಆಗಬ್ಯಾಡ್ರಿ."

ಗಾಬರಿಯಾಗಬೇಡಿ ಎಂದು ಹೇಳಿಸಿಕೊಂಡು ಗಾಬರಿ ಬಿಟ್ಟವರನ್ನು ದಾಕ್ಷಾಯಿಣಿ ಇದುವರೆಗೆ ಕಂಡಿರಲಿಲ್ಲ. ಗದಗಿಗೆ ಹಿಂತಿರುಗುವ ರೈಲಿನಲ್ಲಿ ಅಣ್ಣಿಗೇರಿ ಬರುವಷ್ಟರಲ್ಲಿ ಪಾಸು ಚೀಲದಲ್ಲಿದೆಯೇ ಎಂದು ಆರು ಸಲ ನೋಡಿದಳು. ಆರು ಸಲವೂ ಕಿವಿಯ ಹಿಂದೆ ಟಕ್ ಎನ್ನಲೆಂದು ಉಸಿರು ಹಿಡಿದು ಕಾದಳು.

*

ಗಂಡ ಫಕೀರೇಶನಿಗೆ ಬಡಾವಣೆಯ ಮೂಲೆಯಲ್ಲಿ ಹಿಟ್ಟಿನ ಗಿರಣಿ. ಸಂಜೆ ಅವನು ಮನೆಗೆ ಬಂದರೆ ಹುಬ್ಬಿನಲ್ಲಿಯೂ ಜೋಳದ ಹಿಟ್ಟು ಇರುತ್ತಿತ್ತು. ಒಳ್ಳೆಯವನು. ಯಾವುದಕ್ಕೂ ತಲೆ ಕೆಡಿಸಿಕೊಳ್ಳದವನು. ಎಲ್ಲದಕ್ಕೂ 'ಆಗ್ತೈತಿ ಬಿಡು' ಅನ್ನುವವನು. ಮದುವೆಯಾದ ಹೊಸತರಲ್ಲಿ ಆ ಮಾತು ಅವಳಿಗೆ ಬಹಳ ಇಷ್ಟವಾಗಿತ್ತು.

ಅಂದು ಸಂಜೆ ಅವಳು ಎರಡನೆಯ ಸಲ ಅಡುಗೆಮನೆಗೆ ಹೋದಾಗ ಅವನು ಬಾಗಿಲಲ್ಲಿ ನಿಂತ. "ಆರಿಸಿದಿ ದಾಕ್ಷಿ. ನಾನ ಕಣ್ಣಾರೆ ನೋಡೇನಿ. ನನ್ನ ಮಾತು ಕೇಳು, ಕುಂದರು ಬಾ."

"ನಿಮ್ಮ ಮಾತು ಕೇಳೇ ಇಲ್ಲಿಗೆ ಬಂದೇನ್ರಿ," ಎಂದಳು ದಾಕ್ಷಾಯಿಣಿ. "ಇಲ್ಲೇ ಐತಿ, ಇಷ್ಟ ದೂರಕ್ಕ ಹೆಲ್ಮೆಟ್ ಯಾಕ ಅಂದವರು ಯಾರು?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಐದು ತಿಂಗಳಲ್ಲಿ ಒಮ್ಮೆಯೂ ಆಡದೆ ಉಳಿಸಿಕೊಂಡಿದ್ದ ಮಾತು. ಬಣ್ಣ ಬಳಿಯದ ಒಂದು ರಸ್ತೆ ಉಬ್ಬು, ಹಾರಿದ ಸ್ಕೂಟರು, ಹಿಂದೆ ಕೂತಿದ್ದ ಅವಳು. ಅವನಿಗೆ ಮೊಣಕಾಲು ತರಚಿತ್ತು, ಅಷ್ಟೆ.

ಫಕೀರೇಶ ಕೈಯಲ್ಲಿದ್ದ ಟವೆಲ್ಲನ್ನು ಗೂಟಕ್ಕೆ ಹಾಕಿ, ಮತ್ತೆ ಗಿರಣಿಗೆ ಹೋದ. ಗಿರಣಿ ಆಗಲೇ ಮುಚ್ಚಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ನೀಲವ್ವ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಮಗನ ಪರ ಮಾತಾಡುತ್ತಾಳೆಂದು ದಾಕ್ಷಾಯಿಣಿ ಕಾದಳು. ಮುದುಕಿ ಕೇಳಿದ್ದೇ ಬೇರೆ.

"ಅಲ್ಲವಾ, ಆ ನಿನ್ನ ಗೇಟು ಟೇಸಣದಿಂದ ಕಾಣಸ್ತೈತೇನ?"

"ಇಲ್ರಿ. ಎರಡು ಕಿಲೋಮೀಟರ್ ದೂರ ಐತಿ."

"ಮತ್ತ ಬಂದ್ ಆತು ಅಂತ ನಿನಗ ಹೆಂಗ ತಿಳೀತೈತಿ?"

"ಗೇಟ್ ಕಾಯೋ ದ್ಯಾಮಣ್ಣ ಫೋನ್‌ನ್ಯಾಗ ನಂಬರ್ ಹೇಳ್ತಾನ್ರಿ." ದಾಕ್ಷಾಯಿಣಿ ಮೂಗು ಒರೆಸಿಕೊಂಡಳು. "ಅವನ ಹತ್ರ ಒಂದು ಹಾಳಿ ಇರ್ತೈತಿ, ತುಂಬ ನಂಬರು, ಹಿಂದ ಮುಂದ ಬರದದ್ದು. ಅವನ ಕೈಯಾಗಿನ ನಂಬರು ನನಗ ಗೊತ್ತಿರಂಗಿಲ್ಲ. ಗೇಟ್ ಹಾಕಬೇಕು, ಬೀಗ ಹಾಕಬೇಕು, ಆಮ್ಯಾಲ ಒಂದು ನಂಬರ್ ನನಗ ಹೇಳಿ ಅದನ್ನ ಹೊಡದ ಹಾಕಬೇಕು. ನಾ ತಿರುಗಿ ಅದನ್ನ ಹೇಳಿ ಪುಸ್ತಕದಾಗ ಬರಕೊಳ್ತೇನಿ. ಬರದ ಮ್ಯಾಲ ಸಿಗ್ನಲ್ ಕೊಡ್ತೇನಿ."

"ಬರದ ಮ್ಯಾಲ ಎದಿ ಡವ ಡವ ಅಂತಿದ್ದಿಲ್ಲೇನ?"

ದಾಕ್ಷಾಯಿಣಿ ಯೋಚಿಸಿದಳು. ಏಳು ವರ್ಷ, ದಿನಕ್ಕೆ ಮೂವತ್ತು ರೈಲು. ಗೇಟು ಬಿದ್ದಿತೋ ಇಲ್ಲವೋ ಎಂದು ಒಮ್ಮೆಯಾದರೂ ಎದ್ದು ಹೊರಗೆ ನೋಡಿದ್ದಿಲ್ಲ. ಸಾವಿರ ಜನರ ಜೀವ ಎರಡಂಕಿಯ ಒಂದು ನಂಬರಿನ ಮೇಲೆ ಹೋಗುತ್ತಿತ್ತು, ಅವಳು ಚಹಾ ಕುಡಿಯುತ್ತಿದ್ದಳು.

"ಇಲ್ರಿ," ಎಂದಳು.

"ಹಂಗಾರ ಇಲ್ಲೂ ನಂಬರ್ ಹೇಳು. ಅವ ಬರಕೊಳ್ಳಲಿ. ಎಷ್ಟಂದ್ರೂ ನನ್ನ ಮಗ ಆ ದ್ಯಾಮಣ್ಣನಕಿಂತ ಕಡಿಮಿ ಏನಲ್ಲ."

ಅಂದೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಾಕ್ಷಾಯಿಣಿ ನಂಬರುಗಳನ್ನು ಬರೆದಳು. ಎಪ್ಪತ್ತಮೂರು, ಹನ್ನೊಂದು, ನಲವತ್ತಾರು. ಅಡುಗೆಮನೆಯ ಗೋಡೆಗೆ ಹಾಳೆ ತೂಗುಹಾಕಿದಳು. ಫಕೀರೇಶ ಹಿಂತಿರುಗಿದಾಗ ನಿಯಮ ಹೇಳಿದಳು: ಕೈ ಇನ್ನೂ ಗ್ಯಾಸಿನ ಕಿವಿಯ, ಅಂದರೆ ಅದನ್ನು ತಿರುಗಿಸುವ ಗುಂಡಿಯ, ಮೇಲಿರುವಾಗಲೇ ಅವಳು ಗಿರಣಿಗೆ ಫೋನ್ ಮಾಡಿ ನಂಬರು ಹೇಳಬೇಕು. ಅವನು ತಿರುಗಿ ಹೇಳಬೇಕು, ಹೊತ್ತಿನ ಸಮೇತ ಗಿರಣಿಯ ಗೋಡೆಯ ಮೇಲೆ ಬರೆಯಬೇಕು. "ಆತು ಬಿಡು, ಬರೀತೇನಿ," ಎಂದನವನು.

*

ಎರಡನೆಯ ದಿನವೇ ಅವಳಿಗೆ ವಿಷಯ ಹೊಳೆಯಿತು. ಒಲೆಯ ಮುಂದೆ ನಿಂತು ಗ್ಯಾಸಿನ ಕಿವಿಯನ್ನು ತಿರುಗಿಸುವಾಗ ತನ್ನ ಗಮನ ಎಲ್ಲಿದೆ ಎಂದು ನೋಡಿಕೊಂಡಳು. ಕೈಯಲ್ಲಿರಲಿಲ್ಲ. ಬಲಗಿವಿಯ ಹಿಂದೆ ಇತ್ತು. ಮರುದಿನವೇ ಧಾರವಾಡದ ರೈಲು ಹತ್ತಿದಳು.

"ಡಾಕ್ಟರ್, ಬೀಗ ಬೀಳೋಕಿಂತ ಮೊದಲ ನಂಬರ್ ಕೇಳಾಕತ್ತೇನ್ರಿ ನಾನು," ಎಂದಳು. "ನಮ್ಮಲ್ಲಿ ಅದು ದೊಡ್ಡ ತಪ್ಪು. ಕೈ ಕೆಲಸ ಮಾಡ್ತಿರ್ತೈತಿ, ನಾ ಟಕ್ ಅನ್ನೋದನ್ನ ಕಾಯ್ತಿರ್ತೇನಿ. ಮಾಡಿದ್ದು ನೆನಪಿನಾಗ ಹೆಂಗ ಬೀಳಬೇಕ್ರಿ?"

ರಜಿಯಾ ಯಂತ್ರದ ಬಡಿತವನ್ನಷ್ಟೇ ನಿಲ್ಲಿಸಿ, ದಾಖಲಾತಿಯನ್ನು ಹಾಗೇ ಬಿಟ್ಟು, ಅವಳನ್ನು ಪರೀಕ್ಷೆಯ ಕೋಣೆಗೆ ಕಳಿಸಿದರು. ಇಪ್ಪತ್ತರಲ್ಲಿ ಹದಿನಾಲ್ಕು ಬಂತು.

"ಹನ್ನೊಂದು ವರ್ಷ ಕುಂತು ಇದನ್ನ ಮಾಡೇವ್ರಿ," ಎಂದು ರಜಿಯಾ ಹಣೆ ಹಣೆ ಬಡಿದುಕೊಂಡರು. "ಬಡೀಬೇಕು ಅಂತ ಎಲ್ಲಾರೂ ಒಪ್ಪಿದ್ವಿ. ಬಡಿಯೋದನ್ನ ಕಾಯ್ಕೋತ ಕುಂದರ್ತಾರ ಅಂತ ಒಬ್ಬರಿಗೂ ಹೊಳೀಲಿಲ್ಲ ನೋಡ್ರಿ."

ಬಡಿತವಿಲ್ಲದ ದಿನಗಳು ಸುಲಭವೇನಾಗಿರಲಿಲ್ಲ. ಮೊದಲ ವಾರ ದಾಕ್ಷಾಯಿಣಿಗೆ ಕೈಕಾಲು ಒಂದು ಕಡೆ ನಿಲ್ಲಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಆದರೆ ನಂಬರು ಹೇಳಿ, ಆಚೆಯಿಂದ ಗಿರಣಿಯ ಗದ್ದಲದ ನಡುವೆ ಗಂಡ ಅದೇ ನಂಬರನ್ನು ತಿರುಗಿ ಹೇಳಿದ ಮೇಲೆ ತಾನು ತನ್ನ ಹಾಳೆಯಲ್ಲಿ ಅದಕ್ಕೆ ಅಡ್ಡಗೆರೆ ಎಳೆದಾಗ ಎದೆಯೊಳಗೆ ಏನೋ ಸಡಿಲವಾಗುತ್ತಿತ್ತು. ಬೀದಿಯ ತುದಿಯಿಂದ ವಾಪಸು ಬರುವುದು ಮೂರರಿಂದ ಒಂದಕ್ಕಿಳಿಯಿತು. ಕೇಂದ್ರದ ಅಂಕ ಹದಿನೈದಾಯಿತು, ಹದಿನಾರಾಯಿತು. ಒಂದು ದಿನ ತಲೆಸುತ್ತು ಬಂದು ಮತ್ತೆ ಹನ್ನೆರಡಾಯಿತು. ಅಂದು ಅವಳು ಅತ್ತಳು. ಮರುದಿನ ಮತ್ತೆ ಹದಿನಾರು.

ಹದಿನಾಲ್ಕನೆಯ ತಾರೀಖಿಗೆ ಐದು ದಿನವಿರುವಾಗ ಹಾಲು ಹೊತ್ತಿತು.

*

ಮಧ್ಯಾಹ್ನ ನೀಲವ್ವ ಮಗನಿಗೆ ಬುತ್ತಿ ತೆಗೆದುಕೊಂಡು ಗಿರಣಿಗೆ ಹೋಗುತ್ತಿದ್ದಳು. ಆ ಒಂದು ತಾಸು ದಾಕ್ಷಾಯಿಣಿ ಒಬ್ಬಳೇ. ಅಂದು ಹಾಲು ಒಲೆಯ ಮೇಲಿಟ್ಟು, ಐದು ನಿಮಿಷ ಎಂದು ಗೋಡೆಗೆ ಒರಗಿದವಳಿಗೆ ಜೋಂಪು ಹತ್ತಿತು. ಎಚ್ಚರವಾದಾಗ ಮನೆ ತುಂಬ ಹೊಗೆ. ಪಾತ್ರೆಯ ತಳ ಕೆಂಡದಂತಾಗಿತ್ತು. ಒದ್ದೆ ಬಟ್ಟೆಯಿಂದ ಗ್ಯಾಸಿನ ಕಿವಿ ತಿರುಗಿಸಿ, ಕಿಟಕಿಗಳನ್ನೆಲ್ಲ ತೆರೆದು, ಗಿರಣಿಗೆ ಫೋನ್ ಮಾಡಿದಳು.

"ರೀ, ನಾ ನಂಬರ್ ಹೇಳಿದ್ನೇನ್ರಿ ಇವತ್ತ ಮಧ್ಯಾಹ್ನ?"

"ಇಲ್ಲಿ... ಇಲ್ಲಿ ಬರದೈತಲ್ಲ," ಎಂದ ಫಕೀರೇಶ.

ಅವಳು ಚಪ್ಪಲಿ ಮೆಟ್ಟಿಕೊಳ್ಳದೆಯೇ ಗಿರಣಿಗೆ ಓಡಿದಳು. ಹಿಟ್ಟಿನ ಡಬ್ಬಿ ಹಿಡಿದು ಸಾಲುಗಟ್ಟಿದ್ದವರನ್ನು ಸರಿಸಿ ಗೋಡೆ ನೋಡಿದಳು. ಐವತ್ತೆಂಟು, ಹನ್ನೆರಡೂಕಾಲು, ಗ್ಯಾಸ್ ಬಂದ್. ಅವನದೇ ಅಕ್ಷರ. ಮನೆಗೆ ಬಂದು ತನ್ನ ಹಾಳೆ ನೋಡಿದಳು. ಐವತ್ತೆಂಟಕ್ಕೆ ಅಡ್ಡಗೆರೆಯಿರಲಿಲ್ಲ. ತಾನು ಹೇಳಿಯೇ ಇಲ್ಲವೆಂದು ಮನಸ್ಸಿನ ಒಂದು ಮೂಲೆ ಗಟ್ಟಿಯಾಗಿ ಹೇಳುತ್ತಿತ್ತು. ಹಾಲಿಟ್ಟದ್ದು ನೆನಪಿತ್ತು, ಒರಗಿದ್ದು ನೆನಪಿತ್ತು, ಫೋನ್ ಮಾಡಿದ್ದಿಲ್ಲವೆಂದು ಹೆಚ್ಚುಕಡಿಮೆ ಆಣೆ ಮಾಡಬಹುದಿತ್ತು. ಆದರೆ ಪುಸ್ತಕದಲ್ಲಿ ಬರೆದದ್ದರ ಮುಂದೆ ಮನಸ್ಸಿನ ಮಾತನ್ನು ಯಾವ ಸ್ಟೇಷನ್ ಮಾಸ್ತರು ಕೇಳುತ್ತಾರೆ? ಗ್ಯಾಸು ಉರಿಯುತ್ತಿರುವಾಗ ಆರಿತೆಂದು ನಂಬರು ಕೊಟ್ಟಿದ್ದೇನೆ, ಕೊಟ್ಟದ್ದನ್ನೂ ಮರೆತಿದ್ದೇನೆ, ಗೆರೆ ಹೊಡೆಯುವುದನ್ನೂ ಮರೆತಿದ್ದೇನೆ. ಇಂಥವಳು ರೈಲು ಬಿಡುವುದೇ?

ಸಂಜೆಯ ಬೆಳಕಿನಲ್ಲಿ ಕಟ್ಟೆಯ ಮೇಲೆ ಕೂತು ಅರ್ಜಿ ಬರೆದಳು. ದಯವಿಟ್ಟು ನನ್ನನ್ನು ಕಡತಗಳ ಕೋಣೆಗೆ ವರ್ಗಾಯಿಸಬೇಕು. ಫಕೀರೇಶ ಅದನ್ನು ಓದಿ ಹಿಂತಿರುಗಿ ಕೊಟ್ಟ. ಅವನ ಮುಖ ಹಿಟ್ಟು ತೊಳೆದ ಮೇಲೂ ಬೆಳ್ಳಗಿತ್ತು. "ನಾಳೆ ನಾನೂ ಬರ್ತೇನಿ ಧಾರವಾಡಕ್ಕ," ಎಂದಷ್ಟೇ ಹೇಳಿದ.

*

ರಜಿಯಾ ಅರ್ಜಿಯನ್ನು ಓದಿ ಮೇಜಿನ ಮೇಲೆ ಮಗುಚಿ ಇಟ್ಟರು. ಸಾಕ್ಷಿಯನ್ನು ಬಿಚ್ಚಿಸಿಕೊಂಡು ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಮೇಲೆ ಹಿಂದಿನ ದಿನ ಗೆರೆಗೆರೆಯಾಗಿ ಬಿಚ್ಚಿಕೊಂಡಿತು.

"ನೋಡ್ರಿ, ಹನ್ನೊಂದೂ ಐವತ್ತಕ್ಕ ಒಂದು ಅಲಿ. ಹಾಲಿಟ್ಟಿದ್ದು. ಛಲೋ ಅಚ್ಚಾಗೈತಿ. ಹನ್ನೊಂದೂ ಐವತ್ತೇಳಕ್ಕ ನಿದ್ದಿ ಹತ್ತೈತಿ. ಹಾಲಿಟ್ಟು ಮಲಗೋ ರೋಗ ನನಗೂ ಐತ್ರಿ, ಅದಕ್ಕ ತಲಿಗೆ ಪೆಟ್ಟು ಬೀಳಬೇಕಂತಿಲ್ಲ." ಅವರು ಬೆರಳು ಮುಂದೆ ಸರಿಸಿದರು. "ಹನ್ನೆರಡೂಕಾಲು ಅಂದ್ರಿ ಅಲ್ಲ? ಆಗ ನೀವು ನಿದ್ದ್ಯಾಗ ಇದ್ದೀರಿ. ಈ ಯಂತ್ರ ಎಲುಬಿನ ಮ್ಯಾಲ ಕುಂದರ್ತೈತಿ, ನೀವು ಮಾತಾಡಿದ್ರ ಅದಕ್ಕ ತಿಳೀತೈತಿ. ಹನ್ನೆರಡು ಇಪ್ಪತ್ತೇಳರ ತನಕ ನೀವು ಒಂದಕ್ಷರ ಮಾತಾಡಿಲ್ಲ."

ದಾಕ್ಷಾಯಿಣಿಗೆ ಅರ್ಥವಾಗಲಿಲ್ಲ. "ಮತ್ತ ನಂಬರ್ ಹೇಳಿದವರು ಯಾರ್ರಿ?"

ಫಕೀರೇಶ ಕುರ್ಚಿಯ ತುದಿಗೆ ಸರಿದ.

"ಯಾರೂ ಹೇಳಿಲ್ಲ. ನಾನ ಬರದೇನಿ." ಅವನು ಹೆಂಡತಿಯ ಮುಖ ನೋಡಲಿಲ್ಲ. "ಮಧ್ಯಾಹ್ನ ಗಿರಾಕಿ ಭಾಳ ಇರ್ತಾರ, ಕೈ ಹಿಟ್ಟಾಗಿರ್ತೈತಿ. ನಿನ್ನ ಹಾಳೀದು ಫೋನಿನಾಗ ಫೋಟೋ ಹೊಡಕೊಂಡಿದ್ದೆ. ಹೆಂಗೂ ನೀ ಆರಿಸೇ ಆರಸ್ತಿ, ಹೇಳೇ ಹೇಳ್ತಿ ಅಂತ ಸಾಲಿನಾಗಿನ ಮುಂದಿನ ನಂಬರ್ ನೋಡಿ, ಅಂದಾಜಿನ ಹೊತ್ತು ಹಾಕಿ ಮುಂಜಾನೇನ ಬರದ ಇಡ್ತಿದ್ದೆ. ನೀ ಫೋನ್ ಮಾಡಿದಾಗ ಗೋಡಿ ನೋಡಿ ತಿರುಗಿ ಹೇಳ್ತಿದ್ದೆ, ಅಷ್ಟ. ನಿನ್ನೆ ಫೋನ್ ಬಂದಿಲ್ಲ ಅನ್ನೋದೂ ನನಗ ತಿಳೀಲಿಲ್ಲ. ನೀ ಕೇಳಿದಾಗ... ಹೇಳಾಕ ಧೈರ್ಯ ಸಾಲಲಿಲ್ಲ ದಾಕ್ಷಿ."

ದಾಕ್ಷಾಯಿಣಿಗೆ ಮೊದಲು ಬಂದದ್ದು ಸಿಟ್ಟೇ. ಮೈಯೆಲ್ಲ ಬಿಸಿಯಾಗುವಂಥ ಸಿಟ್ಟು. ಮತ್ತೊಮ್ಮೆ ಅದೇ 'ಇಲ್ಲೇ ಐತಿ', ಮತ್ತೊಮ್ಮೆ ಅದೇ 'ಆಗ್ತೈತಿ ಬಿಡು'. ಗೇಟ್ ಹಾಕುವ ಮೊದಲೇ ನಂಬರು ಬರೆದ ಮನುಷ್ಯ. ಅವಳು ಎದ್ದು ನಿಂತಳು.

"ಟೇಷನ್‌ನ್ಯಾಗ ಆಗಿದ್ರ ನಿಮ್ಮನ್ನ ನಿಂತ ಕಾಲಮ್ಯಾಗ ಸಸ್ಪೆಂಡ್ ಮಾಡಿಸ್ತಿದ್ದೆ!"

"ಮಾಡಸು," ಎಂದ ಫಕೀರೇಶ. ಅವನ ಕಣ್ಣು ತುಂಬಿತ್ತು. "ಅವತ್ತಿನ ಸ್ಕೂಟರಿಂದೂ ಸೇರಿಸಿ ಮಾಡಸು. ಅವತ್ತೂ ತಪ್ಪು ನಂದ. ಐದು ತಿಂಗಳಾತು, ಹೇಳಬೇಕಂತ ಬಾಯಿ ತಗೀತಿದ್ದೆ, ಆಗ್ತಿದ್ದಿಲ್ಲ."

ಬಯ್ಯಲು ಇನ್ನೂ ಬಹಳ ಇತ್ತು. ಆದರೆ ಬಯ್ಗುಳದ ಅಡಿಯಿಂದ ಬೇರೇನೋ ಮೇಲೆ ಬಂದು ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿತು.

"ಡಾಕ್ಟರ್," ಎಂದಳು ನಿಧಾನವಾಗಿ, "ನಾ ಹೇಳಿಲ್ಲ ಅಂತ ನನಗ ನೆನಪಿತ್ರಿ."

"ಹೌದು."

"ಗೋಡಿ ಮ್ಯಾಲ ಬರದಿದ್ದು ತಪ್ಪು. ನನ್ನ ತಲಿ ಬರೋಬ್ಬರಿ ಇತ್ತು."

"ಹೌದ್ರಿ ಮೇಡಮ್. ಯಂತ್ರ ಬಡದಿಲ್ಲ, ಗೋಡಿ ಸುಳ್ಳು ಹೇಳೈತಿ. ಅಷ್ಟರಾಗೂ ಅದು ಬರೋಬ್ಬರಿ ಇತ್ತು."

ದಾಕ್ಷಾಯಿಣಿ ಮುಖ ಮುಚ್ಚಿಕೊಂಡು ಅತ್ತಳು. ಐದು ತಿಂಗಳಲ್ಲಿ ಅದು ಖುಷಿಗೆ ಬಂದ ಮೊದಲ ಅಳು. ಹೋಗುವಾಗ ಅರ್ಜಿಯನ್ನು ಮೇಜಿನ ಮೇಲೆಯೇ ಬಿಟ್ಟಳು. ಪಾಸು ಚೀಲದಲ್ಲಿದೆಯೇ ಎಂದು ರೈಲಿನಲ್ಲಿ ಒಮ್ಮೆಯೂ ನೋಡಲಿಲ್ಲ.

*

ಬೋರ್ಡಿನವರ ಮುಂದೆ ಅವಳ ಅಂಕ ನೂರಕ್ಕೆ ಎಪ್ಪತ್ತೊಂಬತ್ತು ಬಂತು. ಎಂಬತ್ತಕ್ಕೆ ಒಂದು ಕಡಿಮೆ. ನಿಯಮದ ಪುಸ್ತಕ ಮುಂದಿಟ್ಟುಕೊಂಡಿದ್ದ ಮೂವರೂ ಆ ಒಂದನ್ನು ಎಲ್ಲಿಂದ ತರುವುದೆಂದು ಬಹಳ ಹೊತ್ತು ತಲೆ ಕೆರೆದುಕೊಂಡರು. ರಜಿಯಾ ಹನ್ನೆರಡೂಕಾಲರ ಕಥೆಯನ್ನು ಪರದೆ ಸಮೇತ ಹೇಳಿದರು. ಕೊನೆಗೆ ಎರಡು ತಿಂಗಳು ಜೋಡಿ ಡ್ಯೂಟಿ ಎಂದಾಯಿತು. ಪಕ್ಕದಲ್ಲಿ ಇನ್ನೊಬ್ಬ ಮಾಸ್ತರು ಕೂತಿರಬೇಕು, ಆಮೇಲೆ ಮತ್ತೊಂದು ಪರೀಕ್ಷೆ. ಗೆಲುವೆನ್ನಲು ಬಾರದು. ಆದರೆ ಕುರ್ಚಿ ಅದೇ, ಬೇವಿನ ಮರ ಅದೇ.

ಮೊದಲ ದಿನ ಮಧ್ಯಾಹ್ನ ಗೂಡ್ಸ್ ಗಾಡಿಯೊಂದು ಬರುವುದಿತ್ತು. ಅವಳು ಗೇಟಿನ ಫೋನು ಎತ್ತಿದಳು.

"ನಮಸ್ಕಾರ್ರೀ ಮೇಡಮ್ಮರ," ಎಂದ ದ್ಯಾಮಣ್ಣ. ಏಳು ವರ್ಷದ ಪರಿಚಯದ ದನಿ. "ಭಾಳ ದಿವಸಾತು. ಗೇಟ್ ಬಂದ್ ಆತು, ಬೀಗ ಬಿತ್ತು. ನಂಬರ್ ನಲವತ್ತೊಂದು."

"ನಲವತ್ತೊಂದು," ಎಂದು ಅವಳು ತಿರುಗಿ ಹೇಳಿ ಬರೆದುಕೊಂಡಳು. ಸಿಗ್ನಲ್ ಕೊಟ್ಟಳು. ಬರೆದೆನೇ ಎಂಬ ಹಳೆಯ ಹುಳು ಎದೆಯಲ್ಲಿ ಹರಿದಾಡಿತು. ಪುಸ್ತಕ ಮುಂದೆಯೇ ಇತ್ತು, ಕಣ್ಣು ಇಳಿಸಿದರೆ ಸಾಕಿತ್ತು. ನೋಡಿದ್ದರೆ ಪಕ್ಕದ ಮಾಸ್ತರು ತಪ್ಪೆನ್ನುತ್ತಿರಲಿಲ್ಲ. ಅವಳು ಕಣ್ಣು ಇಳಿಸಲಿಲ್ಲ. ಹಸಿರು ಬಾವುಟ ಹಿಡಿದು ಬಾಗಿಲಲ್ಲಿ ನಿಂತಳು. ಐವತ್ತೆಂಟು ಡಬ್ಬಿಗಳ ಗಾಡಿ ಬೇವಿನ ಎಲೆಗಳನ್ನು ಉದುರಿಸುತ್ತ ಹಾದುಹೋಗುವವರೆಗೂ ಹುಳು ಹರಿದಾಡುತ್ತಲೇ ಇತ್ತು, ಅವಳು ನಿಂತೇ ಇದ್ದಳು.

ಒಳಗೆ ಬಂದಾಗ ಅವಳ ಸ್ವಂತ ಫೋನು ಹೊಡೆದುಕೊಳ್ಳುತ್ತಿತ್ತು. ಫಕೀರೇಶ. ಈ ವಾರದಿಂದ ಮಧ್ಯಾಹ್ನದ ಅಡುಗೆ ಅವನದು, ಹಾಳೆಯೂ ಅವನ ಕೈಯಲ್ಲಿ. ಫೋನಿನ ಫೋಟೋವನ್ನು ಅವಳೇ ಅಳಿಸಿ, ಹೊಸ ನಂಬರುಗಳನ್ನು ಅವನಿಂದಲೇ ಬರೆಸಿದ್ದಳು.

"ಗ್ಯಾಸ್ ಬಂದ್ ಆತ್ರೀ ಮಾಸ್ತರ. ನಂಬರ್ ಎಂಬತ್ತಾರು."

"ಕೈ ಎಲ್ಲಿ ಐತ್ರಿ?"

"ಗ್ಯಾಸಿನ ಕಿವಿ ಮ್ಯಾಲ ಐತಿ. ನಿನ್ನಾಣಿ."

ಆಣೆ ಬೇಕಿರಲಿಲ್ಲ. ಎಂಬತ್ತಾರು ಎಂದು ತಿರುಗಿ ಹೇಳಿ, ದಾಕ್ಷಾಯಿಣಿ ಅದನ್ನು ಅಂಗೈಯಲ್ಲಿ ಬರೆದುಕೊಂಡಳು. ಆಮೇಲೆ ಚಹಾ ತರಿಸಿ, ಬಿಸಿಯಿರುವಾಗಲೇ ಕುಡಿದಳು.